ಅಟ್ಟದ ಮೇಲಿನ ಹಣ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಹಿರಿಯರು ಸೋಮಾರಿಗಳಿಗಾಗಿ ಕಟ್ಟಿದರು. ಆದರೆ ದುಡಿಯುವ ಮನಸ್ಸೂ ತೋಳಬಲವೂ ಇದ್ದು, ಕೆಲಸವಿಲ್ಲದೆ ಕೂರಬೇಕಾಗಿ ಬಂದ ಗೃಹಸ್ಥನಿಗೂ ಆ ಮಾತು ಅಷ್ಟೇ ಸತ್ಯವಾದುದು. ಕಾರ್ಖಾನೆಯ ಬಾಗಿಲು ಮುಚ್ಚಿರಬಹುದು. ಅಂಗಡಿಯ ಧಣಿ ‘ಮುಂದಿನ ತಿಂಗಳಿಂದ ಬರಬೇಡಪ್ಪ’ ಎಂದಿರಬಹುದು. ಗುತ್ತಿಗೆಯ ಅವಧಿ ಮುಗಿದಿರಬಹುದು. ಕಾರಣ ಏನೇ ಆಗಲಿ, ಸಂಬಳ ನಿಂತಿತೆಂದು ಮನೆಯ ಒಲೆ ನಿಲ್ಲುವಂತಿಲ್ಲ. ಮೊದಲನೆಯ ತಿಂಗಳು ಕೈಯಲ್ಲಿದ್ದುದರಲ್ಲಿ ಕಳೆಯುತ್ತದೆ. ಎರಡನೆಯ ತಿಂಗಳು ಸಾಲದಲ್ಲಿ ಸಾಗುತ್ತದೆ. ಮೂರನೆಯ ತಿಂಗಳು ಮನೆಯ ಸಾಮಾನುಗಳು ಒಂದೊಂದಾಗಿ ಹೊಸಿಲು ದಾಟತೊಡಗುತ್ತವೆ.

ಅವು ಹೊಸಿಲು ದಾಟುವುದು ಹೆಚ್ಚಾಗಿ ದೀಪ ಹಚ್ಚಿದ ಮೇಲೆ. ತಾಮ್ರದ ಹಂಡೆ ಗೋಣಿಚೀಲದೊಳಗೆ ಅಡಗುತ್ತದೆ. ಹಿತ್ತಾಳೆಯ ಕೊಳಗ ಹಳೆಯ ಸೀರೆಯಲ್ಲಿ ಸುತ್ತಿಕೊಳ್ಳುತ್ತದೆ. ನೆರೆಯವರ ಕಣ್ಣು ತಪ್ಪಿಸಿ, ಪರಿಚಯವಿಲ್ಲದ ಬೀದಿಯ ಗುಜರಿ ಅಂಗಡಿಯನ್ನು ಹುಡುಕಿ, ಕೇಳಿದ ಬೆಲೆಗೆ ಕೊಟ್ಟು, ಎಣಿಸದೆ ಹಣವನ್ನು ಜೇಬಿಗಿಳಿಸಿ ಮನೆಯಾತ ಹಿಂದಿರುಗುತ್ತಾನೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಅಂಜಿಕೆ ಅವನದು. ಆ ಅಂಜಿಕೆಗೆ ಅವನು ತೆರುವ ಬೆಲೆಯನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ಹಗಲು ಹೊತ್ತಿನಲ್ಲಿ, ಸ್ವಂತ ಮನೆಯ ಜಗಲಿಯ ಮೇಲೆ, ಬೆಲೆಯ ಚೀಟಿ ಅಂಟಿಸಿ ಮಾರಿದ್ದರೆ ಅದೇ ಸಾಮಾನು ಎರಡರಷ್ಟೋ ಮೂರರಷ್ಟೋ ಹಣ ತಂದಿದ್ದೀತು.

ಮೈಸೂರು ನಗರದ ಉತ್ತರಕ್ಕೆ, ಪಂಜಿನ ಕವಾಯತು ನಡೆಯುವ ಬನ್ನಿಮಂಟಪದಿಂದ ಬಹುದೂರವಿಲ್ಲದ ಕೆಸರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಹಿಂದೆ ಪ್ರತ್ಯೇಕ ಗ್ರಾಮವಾಗಿದ್ದ ಈ ಊರು ಬೆಳೆಯುವ ನಗರದೊಳಗೆ ಸೇರಿಹೋಗಿದೆ. ದಿನಗೂಲಿ, ಗುತ್ತಿಗೆ ಕೆಲಸ, ಸಣ್ಣ ವ್ಯಾಪಾರಗಳನ್ನು ನಂಬಿದ ಮನೆಗಳು ಇಂಥ ಬಡಾವಣೆಗಳಲ್ಲಿ ಬಹಳ. ಇಲ್ಲಿ ಒಬ್ಬನ ಕೆಲಸ ಹೋದರೆ ಬೀದಿಗೆಲ್ಲ ತಿಳಿಯಲು ಎರಡು ದಿನ ಸಾಕು. ಮುಚ್ಚಿಡಲು ಪಡುವ ಕಷ್ಟವೆಲ್ಲ ವ್ಯರ್ಥ. ಕೆಲಸ ಹೋಗುವುದು ಒಬ್ಬಿಬ್ಬರ ದುರದೃಷ್ಟವೂ ಅಲ್ಲ. 1961ರಲ್ಲಿ ಮೋಟಾರ್ ಸೈಕಲುಗಳ ತಯಾರಿಕೆ ಆರಂಭಿಸಿ ಮೈಸೂರಿನ ಹೆಸರನ್ನು ದೇಶಕ್ಕೆಲ್ಲ ಹರಡಿದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ದಿನಗೂಲಿಯವರ ಪಾಡು ಏನಾಯಿತೆಂಬುದು ಯಾರಿಗೂ ಮರೆತಿಲ್ಲ. ಇಷ್ಟು ಜನರ ಬಾಳಿನಲ್ಲಿ ಬಂದುಹೋಗುವ ಕಷ್ಟಕ್ಕೆ ಒಬ್ಬೊಬ್ಬರೇ ನಾಚುವುದರಲ್ಲಿ ಅರ್ಥವಿಲ್ಲ.

ಒಂದು ವಸ್ತು, ಮೂರು ಬೆಲೆ

ಹಳೆಯ ಸಾಮಾನಿಗೆ ಮೂರು ಬೆಲೆಗಳುಂಟು. ಮೊದಲನೆಯದು ತೂಕದ ಬೆಲೆ. ಗುಜರಿಯವನು ಕಬ್ಬಿಣವನ್ನು ಕಬ್ಬಿಣವೆಂದು, ತಾಮ್ರವನ್ನು ತಾಮ್ರವೆಂದು ಮಾತ್ರ ಕಾಣುತ್ತಾನೆ. ಎರಡನೆಯದು ಹಳೆಯ ಸಾಮಾನಿನ ವ್ಯಾಪಾರಿಯ ಬೆಲೆ. ಅವನು ಮತ್ತೊಬ್ಬರಿಗೆ ಮಾರಿ ಲಾಭ ಪಡೆಯಬೇಕಾದ್ದರಿಂದ ಸಹಜವಾಗಿ ಕಡಮೆ ಕೊಡುತ್ತಾನೆ. ಮೂರನೆಯದು ಬಳಸುವವನ ಬೆಲೆ. ಅದೇ ಎಲ್ಲಕ್ಕಿಂತ ದೊಡ್ಡದು.

ಮಗ ಓದು ಮುಗಿಸಿದ ಮೇಲೆ ಮೂಲೆ ಸೇರಿದ ಸೈಕಲೊಂದು ಮನೆಯಲ್ಲಿ ಇದೆಯೆಂದಿಟ್ಟುಕೊಳ್ಳಬಹುದು. ಅದರ ತೂಕ ಹದಿನೈದು ಕಿಲೋ ಎಂದೂ, ಗುಜರಿಯಲ್ಲಿ ಕಿಲೋ ಒಂದಕ್ಕೆ 25 ರೂಪಾಯಿ ಸಿಕ್ಕುವುದೆಂದೂ ಭಾವಿಸಿದರೆ, ಬರುವುದು 375 ರೂಪಾಯಿ. ಅದೇ ಸೈಕಲ್ಲಿಗೆ 300 ರೂಪಾಯಿ ವೆಚ್ಚಮಾಡಿ ಟ್ಯೂಬು, ಬ್ರೇಕಿನ ಕಟ್ಟೆ ಹಾಕಿಸಿ, ಸರಪಣಿಗೆ ಎಣ್ಣೆ ಬಿಟ್ಟು, ಶಾಲೆ ತೆರೆಯುವ ಮುನ್ನ ಎದುರು ಬೀದಿಯ ಹುಡುಗನ ತಂದೆಗೆ 1,500ಕ್ಕೆ ಕೊಟ್ಟರೆ ಉಳಿಯುವುದು 1,200. ಕೊಂಡವರಿಗೂ ಹೊಸ ಸೈಕಲ್ಲಿನ ಬೆಲೆಯಲ್ಲಿ ಬಹುಪಾಲು ಉಳಿಯಿತು. ಸಂಜೆಯ ಕತ್ತಲೆಯಲ್ಲಿ ಮಾರುವವನು ಮೂರನೆಯ ಬೆಲೆಯನ್ನು ತಾನಾಗಿ ಬಿಟ್ಟುಕೊಟ್ಟು ಮೊದಲನೆಯದಕ್ಕೆ ಕೈಯೊಡ್ಡುತ್ತಾನೆ.

ತೂಕಕ್ಕೇ ಮಾರಬೇಕಾದ ಒಡಕು ಪಾತ್ರೆಗಳಿದ್ದರೂ ಎಚ್ಚರ ಬೇಕು. ತಾಮ್ರ, ಹಿತ್ತಾಳೆ, ಕಂಚುಗಳನ್ನು ಬೇರೆಬೇರೆ ಮಾಡಿ ಎರಡು ಮೂರು ಅಂಗಡಿಗಳಲ್ಲಿ ದರ ವಿಚಾರಿಸಬೇಕು. ಎಲ್ಲವನ್ನೂ ಒಂದೇ ರಾಶಿ ಹಾಕಿದರೆ ಅಗ್ಗದ ಲೋಹದ ದರವೇ ಎಲ್ಲಕ್ಕೂ ಬಂದೀತು. ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ಎಂದು ನೋಡುವ ಹಕ್ಕು ಮಾರುವವರಿಗೂ ಉಂಟು. ಹಳೆಯ ಜರತಾರಿ ಸೀರೆಗೆ ಪಾತ್ರೆ ಕೊಡುವೆವೆಂದು ಬೀದಿಯಲ್ಲಿ ಕೂಗುತ್ತ ಬರುವವರ ಬಗೆಗೂ ಇದೇ ಮಾತು. ಅಪ್ಪಟ ಜರಿಯೆಂದರೆ ಚಿನ್ನದ ಲೇಪವಿರುವ ಬೆಳ್ಳಿಯ ಎಳೆ. 1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯಿಂದ ಬಂದ ಹಳೆಯ ಸೀರೆಯ ಸೆರಗನ್ನು ಒಂದು ಸ್ಟೀಲಿನ ಬೋಗುಣಿಗೆ ಬದಲಾಯಿಸಿಕೊಂಡ ಗೃಹಿಣಿ ಬೆಳ್ಳಿಯನ್ನು ಕೊಟ್ಟು ಕಬ್ಬಿಣವನ್ನು ಪಡೆದಂತಾಯಿತು.

ಜಾವಾ ಮೋಟಾರ್ ಸೈಕಲ್ಲಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಗಳು ಸಿಕ್ಕದೆ ಎಷ್ಟೋ ಜಾವಾ, ಯೆಜ್ಡಿ ವಾಹನಗಳು ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿದು ಕಬ್ಬಿಣದ ದರಕ್ಕೆ ಹೋದುವು. ಇಂದು ಅವನ್ನು ಹುಡುಕಿಕೊಂಡು ಬರುವ ಅಭಿಮಾನಿಗಳ ಕೂಟಗಳೇ ಇವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಹೊಸ ವಾಹನಗಳ ಮೇಲೆ ಮರಳಿ ಕಾಣಿಸಿಕೊಂಡ ಮೇಲೆ ಹಳೆಯವುಗಳ ಮೇಲಿನ ಆಸೆ ಇನ್ನೂ ಹೆಚ್ಚಿತು. ಕಸವೆಂದು ಕಂಡದ್ದನ್ನೂ ಬಲ್ಲವರೊಬ್ಬರಿಗೆ ತೋರಿಸಿ ವಿಚಾರಿಸದೆ ತಕ್ಕಡಿಗೆ ಹಾಕಬಾರದೆಂಬ ಪಾಠವನ್ನು ಮೈಸೂರಿಗರಿಗೆ ಬೇರೆ ಊರಿನವರು ಕಲಿಸಬೇಕಾಗಿಲ್ಲ.

ಹೊರನಾಡಿನ ರೂಢಿ

ಅಮೆರಿಕದ ಗೃಹಸ್ಥರು ಮನೆಯಲ್ಲಿ ಬಳಕೆ ತಪ್ಪಿದ ಸಾಮಾನುಗಳನ್ನು ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲೋ ಮುಂದಿನ ಅಂಗಳದಲ್ಲೋ ಹರಡಿ, ಶನಿವಾರ ಭಾನುವಾರಗಳಂದು ತಾವೇ ಮಾರಲು ಕೂರುತ್ತಾರೆ. ಅದಕ್ಕೆ ‘ಗ್ಯಾರೇಜ್ ಸೇಲ್’ ಎಂದು ಹೆಸರು. ಉಳ್ಳವರೂ ಇಲ್ಲದವರೂ ಅದನ್ನು ಮಾಡುವುದರಿಂದ ಮಾರುವವನ ಸ್ಥಿತಿಗತಿಯನ್ನು ಯಾರೂ ಅಳೆಯಲು ಹೋಗುವುದಿಲ್ಲ. ಫ್ರಾನ್ಸಿನಲ್ಲಿ ಊರಿನವರೆಲ್ಲ ಒಂದೇ ದಿನ ಬೀದಿಯಲ್ಲಿ ಹಳೆಯ ಸಾಮಾನು ಮಾರುವ ಸಂತೆಗೆ ಅವರ ಭಾಷೆಯಲ್ಲಿ ಇರುವ ಹೆಸರಿನ ಅರ್ಥ ‘ಅಟ್ಟ ಬರಿದು ಮಾಡುವುದು’ ಎಂದು. ನೆದರ್ಲೆಂಡ್ಸ್ ದೇಶದಲ್ಲಿ ಏಪ್ರಿಲ್ 27ರಂದು ದೊರೆಯ ಹುಟ್ಟುಹಬ್ಬ. ಅಂದು ಮಕ್ಕಳು ಮುದುಕರೆನ್ನದೆ ಜನರು ಬೀದಿಯಲ್ಲಿ ಕಂಬಳಿ ಹಾಸಿ ಮನೆಯ ಹಳೆಯ ವಸ್ತುಗಳನ್ನು ಮಾರುತ್ತಾರೆ. ದೊರೆಯ ವರ್ಧಂತಿಯನ್ನು ಬಲ್ಲ ಮೈಸೂರಿನವರಿಗೆ ಈ ಕ್ರಮ ಮೆಚ್ಚಿಗೆಯಾದೀತು.

ನಮ್ಮ ಕಡೆ ಸಂತೆಯಲ್ಲಿ ಕುಳಿತು ಸೊಪ್ಪು ಮಾರುವುದಕ್ಕೆ ಯಾರೂ ನಾಚುವುದಿಲ್ಲ. ದನದ ಜಾತ್ರೆಯಲ್ಲಿ ಸಾಕಿದ ಎತ್ತನ್ನೇ ಮಾರುತ್ತಾರೆ. ಮನೆಯ ಮಂಚವನ್ನು ಮಾರುವಾಗ ಮಾತ್ರ ತಲೆ ತಗ್ಗಿಸಬೇಕೆಂಬ ನಿಯಮ ಎಲ್ಲಿಂದ ಬಂತೋ ತಿಳಿಯದು.

ಯಾವುದನ್ನು ಮಾರಬಾರದು?

ಮಾರಾಟಕ್ಕೆ ಕೈಹಾಕುವ ಮುನ್ನ ದಂಪತಿಗಳು ಒಟ್ಟಿಗೆ ಕುಳಿತು ಮನೆಯ ಸಾಮಾನುಗಳ ಪಟ್ಟಿ ಮಾಡಬೇಕು. ಅದರಲ್ಲಿ ಮೊದಲು ಬೇರ್ಪಡಿಸಬೇಕಾದುದು ಮಾರಬಾರದ ವಸ್ತುಗಳನ್ನು. ಈ ವಿಷಯದಲ್ಲಿ ನ್ಯಾಯಾಲಯದ ಕಾನೂನೇ ದಾರಿ ತೋರುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣದ ಪ್ರಕಾರ, ಸಾಲಗಾರನ ಮೇಲೆ ಡಿಕ್ರಿಯಾಗಿ ಮನೆ ಜಫ್ತಿಗೆ ಬಂದಾಗಲೂ ಅವನ ಮತ್ತು ಹೆಂಡತಿ ಮಕ್ಕಳ ಅವಶ್ಯಕ ಬಟ್ಟೆಬರೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮಾಚಾರದಂತೆ ಹೆಂಗಸು ಕಳಚಬಾರದ ಆಭರಣ ಇವುಗಳನ್ನು ಮುಟ್ಟುವಂತಿಲ್ಲ. ಕುಶಲಕರ್ಮಿಯ ಉಪಕರಣಗಳನ್ನೂ, ರೈತನ ಬೇಸಾಯದ ಸಲಕರಣೆಗಳನ್ನೂ ಮುಟ್ಟುವಂತಿಲ್ಲ. ಜಫ್ತಿಯ ಅಮೀನನೇ ಬಿಟ್ಟುಹೋಗಬೇಕಾದುದನ್ನು ಮನೆಯ ಯಜಮಾನ ತಾನಾಗಿ ಹೊರಗೆ ಹಾಕುವುದು ಬುದ್ಧಿವಂತಿಕೆಯಲ್ಲ.

ಉಪಕರಣದ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಬಡಗಿಯ ಉಳಿ, ಗಾರೆ ಕೆಲಸದವನ ಕರಣೆ, ವಿದ್ಯುತ್ ಕೆಲಸದವನ ಇಕ್ಕಳ, ಹೊಲಿಗೆಯ ಯಂತ್ರ ಇವು ಇಂದು ಸುಮ್ಮನಿದ್ದರೂ ನಾಳೆ ಅನ್ನ ಕೊಡುವಂಥವು. ಉಪಕರಣವೆಂದು ತೋರದ ಉಪಕರಣಗಳೂ ಇವೆ. ಹಿಟ್ಟು ರುಬ್ಬುವ ಗ್ರೈಂಡರನ್ನು ಮಾರಿದರೆ ಹಣ ಬರುವುದು ಒಮ್ಮೆ. ಅದರಲ್ಲೇ ದೋಸೆಹಿಟ್ಟು ರುಬ್ಬಿ ಬೀದಿಯವರಿಗೆ ಮಾರಿದರೆ ದಿನದಿನವೂ ನಾಲ್ಕು ಕಾಸು ಬಂದೀತು. ಹಾಲು, ಪತ್ರಿಕೆ ಹಂಚಲು ಒದಗುವ ಸೈಕಲ್ಲಿಗೂ ಈ ಮಾತು ಸಲ್ಲುತ್ತದೆ. ಪ್ರತಿಯೊಂದು ವಸ್ತುವನ್ನೂ ಮುಂದಿಟ್ಟುಕೊಂಡು ‘ಇದು ದುಡಿಯಬಲ್ಲುದೇ?’ ಎಂದು ಕೇಳಿ, ಇಲ್ಲವೆಂದು ಖಚಿತವಾದ ಮೇಲೆ ಮಾರಾಟದ ಪಟ್ಟಿಗೆ ಸೇರಿಸಬೇಕು.

ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಬಿಡುವಂತಿಲ್ಲ. ಅಟ್ಟದ ಮೇಲಿರುವ ಹಂಡೆ, ಕೊಪ್ಪರಿಗೆ, ಬೆಳ್ಳಿಯ ಕುಂಕುಮದ ಬಟ್ಟಲುಗಳಲ್ಲಿ ಎಷ್ಟೋ ಮನೆಯಾಕೆಯ ತವರಿನಿಂದ ಬಂದವು. ಗಂಡನ ಕೆಲಸ ಹೋದಾಗ ಮೊದಲು ಕಣ್ಣಿಗೆ ಬೀಳುವುದೂ ಅವೇ. ಸ್ತ್ರೀಧನವು ಹೆಂಡತಿಯ ಸ್ವಂತ ಸ್ವತ್ತೆಂದು, ಅದರಲ್ಲಿ ಗಂಡನಿಗೆ ಪಾಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಸ್ಪಷ್ಟಪಡಿಸಿದೆ. ಮುಸಲ್ಮಾನರ ಮನೆಗಳಲ್ಲಿ ಮೆಹರ್ ಕೂಡ ಹೆಂಡತಿಗೇ ಸೇರಿದುದು. ಆಕೆ ತಾನಾಗಿ ಒಪ್ಪಿ ಕೊಟ್ಟರೆ ಅದು ಅವಳ ದೊಡ್ಡತನ. ಕೇಳದೆ ಕೊಂಡೊಯ್ದರೆ, ಕೆಲಸ ಮರಳಿ ಸಿಕ್ಕಿದ ಎಷ್ಟೋ ವರ್ಷಗಳ ಮೇಲೂ ಆ ಹಂಡೆಯ ಮಾತು ಮನೆಯಲ್ಲಿ ಕುದಿಯುತ್ತಲೇ ಇರುತ್ತದೆ.

ಜಗಲಿಯ ಸಂತೆ

ಇಷ್ಟೆಲ್ಲ ಆದಮೇಲೆ ಉಳಿಯುವುದು ನಿಜವಾಗಿ ಮಲಗಿರುವ ಸಾಮಾನು: ಎರಡನೆಯ ಮಿಕ್ಸಿ, ಮಗುವಿಗೆ ಚಿಕ್ಕದಾದ ತೊಟ್ಟಿಲು, ಮದುವೆಗಳಲ್ಲಿ ಉಡುಗೊರೆಯಾಗಿ ಬಂದು ಡಬ್ಬ ಬಿಚ್ಚದ ಲೋಟಗಳು, ಓದಿ ಮುಗಿದ ಪಠ್ಯಪುಸ್ತಕಗಳು, ಹೆಚ್ಚಿಗೆಯ ಕುರ್ಚಿ, ಬಾಗಿಲು ಸರಿಯಾಗಿ ಮುಚ್ಚುವ ಹಳೆಯ ಬೀರು. ಒಂದೇ ಮನೆಯ ಸಾಮಾನು ಹತ್ತು ಜನರನ್ನು ಸೆಳೆಯದು. ಅಕ್ಕಪಕ್ಕದ ನಾಲ್ಕು ಮನೆಯವರು ಕೂಡಿದರೆ ಅದೊಂದು ಸಣ್ಣ ಸಂತೆಯೇ ಆಗುತ್ತದೆ. ಯಾರ ಮನೆಯಲ್ಲಿ ಸಂಬಳ ನಿಂತಿದೆಯೆಂಬ ಪ್ರಶ್ನೆಯೂ ಆಗ ಹಿಂದೆ ಸರಿಯುತ್ತದೆ.

ದಿನ ಆರಿಸುವುದರಲ್ಲಿ ವ್ಯಾಪಾರದ ಅರ್ಧ ಗುಟ್ಟು ಅಡಗಿದೆ. ತಿಂಗಳ ಕೊನೆಯಲ್ಲಿ ಕೊಳ್ಳುವವರ ಕೈಯೂ ಬರಿದು. ಸಂಬಳ ಬಂದ ಮೊದಲ ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮುನ್ನ ಆರಂಭಿಸುವುದು ಲೇಸು. ಪುಸ್ತಕ, ಮೇಜು, ಸೈಕಲುಗಳಿಗೆ ಶಾಲೆ ಕಾಲೇಜು ತೆರೆಯುವ ಮೊದಲಿನ ವಾರಗಳು ತಕ್ಕವು. ಹೊರಗಿನಿಂದ ಮೈಸೂರಿಗೆ ಓದಲು ಬಂದು ಕೋಣೆ ಹಿಡಿಯುವ ಹುಡುಗರಿಗೆ ಮಂಚ, ಬಕೆಟ್ಟು, ಒಲೆ ಎಲ್ಲವೂ ಬೇಕು. ಗೊಂಬೆ, ಹಿತ್ತಾಳೆಯ ದೀಪಗಳನ್ನು ದಸರೆಗೆ ಹದಿನೈದು ದಿನ ಮುಂಚೆ ಹೊರಗೆ ತೆಗೆಯಬೇಕು.

ಸಾಮಾನನ್ನು ತೊಳೆದು ಬೆಳಗುವುದಕ್ಕೆ ಹಿಂದಿನ ದಿನ ಮೀಸಲಿರಲಿ. ಕಿಲುಬು ಹಿಡಿದ ತಾಮ್ರಕ್ಕೆ ಹುಣಸೆಹಣ್ಣು ಉಪ್ಪು ಸಾಕು. ವಿದ್ಯುತ್ ಸಾಮಾನುಗಳನ್ನು ಓಡಿಸಿ ತೋರಿಸಲು ಜಗಲಿಯವರೆಗೆ ತಂತಿ ಎಳೆದಿರಬೇಕು. ಪ್ರತಿಯೊಂದರ ಮೇಲೂ ಬೆಲೆಯ ಚೀಟಿ ಇರಲಿ. ಬೆಲೆ ಕೇಳಲು ಸಂಕೋಚಪಟ್ಟು ಹಿಂದಿರುಗುವ ಗಿರಾಕಿಗಳೇ ಬಹಳ. ಚೌಕಾಸಿಗೆಂದು ನೂರಕ್ಕೆ ಹದಿನೈದು ಇಪ್ಪತ್ತರಷ್ಟು ಮೇಲಿಟ್ಟುಕೊಂಡರೆ ಇಬ್ಬರಿಗೂ ಸಮಾಧಾನ. ದೊಡ್ಡ ಸಾಮಾನುಗಳು ಬೀದಿಗೆ ಕಾಣುವಂತೆ ಮುಂದೆ, ಚಿಲ್ಲರೆ ಸಾಮಾನುಗಳು ಹಲಗೆಯ ಮೇಲೆ ಹಿಂದೆ. ಬೀದಿಯನ್ನು ಅಡ್ಡಗಟ್ಟದೆ ಸ್ವಂತ ಜಾಗದೊಳಗೇ ಎಲ್ಲ ನಡೆಯಬೇಕು. ಚಿಲ್ಲರೆ ಹಣ ಮೊದಲೇ ಸಿದ್ಧವಿರಲಿ. ಹಣ ತೆಗೆದುಕೊಳ್ಳುವವರು ಒಬ್ಬರೇ ಇದ್ದು, ಯಾವ ಮನೆಯ ಯಾವ ಸಾಮಾನು ಎಷ್ಟಕ್ಕೆ ಹೋಯಿತೆಂದು ಪುಸ್ತಕದಲ್ಲಿ ಬರೆಯುತ್ತಿರಲಿ.

ಕುಂದನ್ನು ಮುಚ್ಚಿಡಬಾರದು. ಕೊಳ್ಳುವವರು ನಾಳೆಯೂ ನಲ್ಲಿಯ ಬಳಿ ಎದುರಾಗುವ ನೆರೆಹೊರೆಯವರೇ. ಮಾರುವ ಕಾರಣವನ್ನು ಕೇಳಿದಾಗಲೂ ನೇರವಾದ ಉತ್ತರವೇ ಮೇಲು.

“ಅಕ್ಕಾ, ಇಷ್ಟು ಚೆನ್ನಾಗಿರೋ ಮಿಕ್ಸೀನ ಯಾಕೆ ಕೊಡ್ತಾ ಇದ್ದೀರಿ?”

“ನಮ್ಮ ಯಜಮಾನರಿಗೆ ಕೆಲಸ ಹೋಗಿದೆ ಕಣಮ್ಮ. ಮನೇಲಿ ಎರಡು ಇದ್ವು, ಒಂದು ಸಾಕು ಅಂತ. ಜಾರಿನ ಮುಚ್ಚಳ ಸ್ವಲ್ಪ ಸಡಿಲ, ನೋಡ್ಕೊಂಡು ತಗೊ.”

“ಹೌದಾ? ನಮ್ಮ ಭಾವನವರ ವರ್ಕ್‌ಷಾಪಲ್ಲಿ ಜನ ಬೇಕು ಅಂತಿದ್ರು. ಕೇಳಿ ಹೇಳ್ಲಾ?”

ಇಂಥ ಮಾತು ಪ್ರತಿ ಜಗಲಿಯಲ್ಲೂ ನಡೆದೇ ತೀರುವುದೆಂದು ಯಾರೂ ಭರವಸೆ ಕೊಡಲಾರರು. ಆದರೆ ಕೆಲಸ ಹೋದ ಸಂಗತಿಯನ್ನು ಬಚ್ಚಿಟ್ಟವನಿಗೆ ಕೆಲಸ ಖಾಲಿಯಿರುವ ಸುದ್ದಿ ಹೇಳುವವರು ಯಾರು?

ಮೋಸಕ್ಕೆ ಎಡೆಗೊಡದಂತೆ

ಕೆಲವು ವಸ್ತುಗಳ ಮಾರಾಟಕ್ಕೆ ಕಟ್ಟಲೆಗಳುಂಟು. ಅಡುಗೆ ಅನಿಲದ ಸಿಲಿಂಡರು ಮನೆಯವರ ಸ್ವತ್ತಲ್ಲ, ಕಂಪನಿಯದು; ಅದನ್ನು ಮಾರುವಂತಿಲ್ಲ. ಬಳಸದ ಸಂಪರ್ಕವಿದ್ದರೆ ಕಾಗದಪತ್ರಗಳೊಡನೆ ವಿತರಕರಿಗೆ ಹಿಂದಿರುಗಿಸಿ ಠೇವಣಿಯನ್ನು ಪಡೆಯಬಹುದು. ವಾಹನ ಮಾರಿದವರು 14 ದಿನಗಳೊಳಗೆ ಸಾರಿಗೆ ಕಚೇರಿಗೆ ವರದಿ ಮಾಡಿ ನೋಂದಣಿಯನ್ನು ಕೊಂಡವರ ಹೆಸರಿಗೆ ಬದಲಾಯಿಸಬೇಕು. ಇಲ್ಲವಾದರೆ ಕೊಂಡವನು ಮಾಡಿದ ಅಪಘಾತದ ಹೊಣೆ ಮಾರಿದವನ ಬಾಗಿಲಿಗೆ ಬಂದೀತು. ಹಳೆಯ ಮೊಬೈಲ್ ಫೋನನ್ನು ಕೊಡುವ ಮುನ್ನ ಅದರೊಳಗಿನ ಚಿತ್ರ, ವಿಳಾಸ, ಬ್ಯಾಂಕಿನ ವಿವರಗಳನ್ನೆಲ್ಲ ಅಳಿಸಬೇಕು.

ಫೋನಿನ ಮೂಲಕವೇ ದೂರದವರಿಗೆ ಸಾಮಾನು ತೋರಿಸಿ ಮಾರುವ ಅನುಕೂಲ ಈಗ ಇದೆ. ಅದರ ಬೆನ್ನಿಗೇ ಮೋಸಗಾರರೂ ಇದ್ದಾರೆ. ಸಾಮಾನನ್ನು ನೋಡದೆಯೇ ಒಪ್ಪಿ, ‘ಈ ಚೌಕವನ್ನು ಸ್ಕ್ಯಾನ್ ಮಾಡಿ, ಹಣ ಬರುತ್ತದೆ’ ಎಂದು ಕ್ಯೂಆರ್ ಕೋಡ್ ಕಳುಹಿಸುವುದು ಅವರ ಸಾಮಾನ್ಯ ತಂತ್ರ. ಯುಪಿಐನಲ್ಲಿ ಹಣ ಪಡೆಯುವವರು ಗುಪ್ತಸಂಖ್ಯೆ ಒತ್ತಬೇಕಾದ ಅಗತ್ಯವೇ ಇಲ್ಲ; ಅದನ್ನು ಒತ್ತುವುದು ಹಣ ಕಳುಹಿಸುವಾಗ ಮಾತ್ರ. ಇಷ್ಟನ್ನು ನೆನಪಿಟ್ಟರೆ ಸಾಕು. ಮೋಸಹೋದದ್ದು ತಿಳಿದ ಕೂಡಲೆ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು.

ಬಂದ ಹಣ

ಸಂಜೆ ಲೆಕ್ಕ ನೋಡಿದಾಗ ಬಂದ ಹಣ ಸಂಬಳವಲ್ಲವೆಂಬುದನ್ನು ಮರೆಯಬಾರದು. ಅಟ್ಟವನ್ನು ಒಮ್ಮೆ ಬರಿದು ಮಾಡಬಹುದು, ತಿಂಗಳು ತಿಂಗಳೂ ಅಲ್ಲ. ಒಂದು ತಿಂಗಳ ಅಕ್ಕಿಬೇಳೆಯೋ ಎರಡು ತಿಂಗಳ ಬಾಡಿಗೆಯೋ ಇದರಿಂದ ಸಾಗೀತು. ಹಾಗಿದ್ದರೂ ಆ ಒಂದೆರಡು ತಿಂಗಳ ಬೆಲೆ ದೊಡ್ಡದು. ಕೈ ಬರಿದಾದವನು ವಾರದ ಬಡ್ಡಿಯ ಸಾಲಕ್ಕೆ ಸಹಿ ಹಾಕುವುದು ಈ ಹೊತ್ತಿನಲ್ಲೇ. ಅರ್ಧ ಕೂಲಿಯ ಕೆಲಸಕ್ಕೆ ತಲೆಯೊಡ್ಡುವುದೂ ಈ ಹೊತ್ತಿನಲ್ಲೇ. ಸಾಲ ಶೂಲವೆಂಬ ಮಾತು ಎಷ್ಟು ನಿಜವೆಂದರೆ, ಕಿರುಸಾಲ ವಸೂಲಿಯವರ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಎರಡನೆಯ ಮಿಕ್ಸಿ ಮಾರಿ ತಂದ ಹಣಕ್ಕೆ ಬಡ್ಡಿಯಿಲ್ಲ. ಅದನ್ನು ವಸೂಲು ಮಾಡಲು ಯಾರೂ ಬಾಗಿಲು ಬಡಿಯುವುದಿಲ್ಲ.

ಆ ಹಣವನ್ನು ಮೂರು ಭಾಗ ಮಾಡುವುದು ಒಳ್ಳೆಯ ಕ್ರಮ. ದೊಡ್ಡ ಪಾಲು ಅನ್ನಕ್ಕೂ ಬಾಡಿಗೆಗೂ ಮಕ್ಕಳ ಶುಲ್ಕಕ್ಕೂ. ಇನ್ನೊಂದು ಪಾಲು ಬಡ್ಡಿ ಹೆಚ್ಚಿನ ಸಾಲವೇನಾದರೂ ಇದ್ದರೆ ಅದಕ್ಕೆ. ಚಿಕ್ಕದಾದರೂ ಮೂರನೆಯ ಪಾಲು ಬಿತ್ತನೆಯ ಬೀಜದಂತೆ: ಉಪಕರಣದ ದುರಸ್ತಿಗೆ, ಕೆಲಸ ಹುಡುಕುವ ಓಡಾಟದ ಖರ್ಚಿಗೆ, ದೋಸೆಹಿಟ್ಟಿನ ವ್ಯಾಪಾರಕ್ಕೆ ಬೇಕಾದ ಮೊದಲ ಮೂಟೆ ಅಕ್ಕಿಗೆ. ಬರಗಾಲದಲ್ಲೂ ಬೀಜದ ರಾಗಿಯನ್ನು ಬೇರೆ ಕಟ್ಟಿಡುವ ರೈತನಿಗೆ ಈ ವಿವೇಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಹೆಸರಿನಲ್ಲೇ ಕೆಸರನ್ನು ಇಟ್ಟುಕೊಂಡಿರುವ ಕೆಸರೆಯವರಿಗೆ ಗಾದೆಯ ಅರ್ಥ ವಿವರಿಸುವುದು ಅಧಿಕಪ್ರಸಂಗವಾದೀತು. ಅಟ್ಟದ ಧೂಳೂ ಕೆಸರಿನಂತೆಯೇ, ತೊಳೆದರೆ ಹೋಗುತ್ತದೆ. ಬರುವ ತಿಂಗಳ ಮೊದಲ ಭಾನುವಾರಕ್ಕೆ ಇನ್ನೂ ದಿನಗಳಿದ್ದರೆ, ಏಣಿ ಹಾಕಿ ಅಟ್ಟ ಹತ್ತಲು ಇಂದೇ ಒಳ್ಳೆಯ ದಿನ.